ಅಡುಗೆಮನೆ ಕಿಟಕಿಯಲ್ಲಿ ಅಕ್ಕೋರು

ಮೊನ್ನೆ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದ ವಾಸನೆ ಪಡಸಾಲೆಯವರೆಗೆ ಬಂತು. ಹೆಂಡತಿ ಒಳಗೇ ಇದ್ದಳು, ಕೂಡಲೇ ಒಲೆ ಆರಿಸಿದಳು. ಅಷ್ಟರಲ್ಲಿ ನಾನು ಪೇಪರ್ ಚೆಲ್ಲಿ ಎದ್ದು ನಿಂತಿದ್ದೆ. ಹನ್ನೆರಡು ವರ್ಷವಾಯಿತು... ಈ ವಾಸನೆ ಬಂದರೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಹಿಂದೆಯೇ ಅಕ್ಕೋರ ದನಿ ಕೇಳಿಸುತ್ತದೆ.

ಮುದ್ದೇಬಿಹಾಳದಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡೇ ಅವರ ಮನೆ. ಸಾಲಿಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಅಕ್ಕೋರೇ.

ನನಗೆ ಆಗ ಮನೆ ರಿಪೇರಿಯ ಹುಚ್ಚು. ರಜೆ ಬಂದರೆ ಸುತ್ತಿಗೆ ಹಿಡಿಯುತ್ತಿದ್ದೆ. ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ ಬಾಜೂ ಕೂತು, ನಾನು ಮಾಡಿದ್ದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆ ಭಾನುವಾರ ಅಡುಗೆಮನೆ ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಹಾಕಿದೆ. ಮೇಲಿನ ಕಟ್ಟಿಗೆಯನ್ನು ಹುಳ ತಿಂದಿತ್ತು. ಹೀಗಾಗಿ ಕೆಳಗೆ, ಮಕ್ಕಳ ಕೈಗೆ ಎಟಕುವಷ್ಟರಲ್ಲೇ ಕೂಡಿಸಿದೆ. ಆಗ ಅದು ತಲೆಗೇ ಹೊಳೆಯಲಿಲ್ಲ.

ಮರುದಿನ ಮುಂಜಾನೆ ಒಲೆಯ ಮೇಲೆ ಹಾಲಿಟ್ಟು ಹೆಂಡತಿ ಕಾಯಿಪಲ್ಲೆ ಗಾಡಿಗೆ ಹೋದಳು. ನಾನು ಹೊರಗೆ ದಾಡಿ ಮಾಡಿಕೊಳ್ಳುತ್ತಿದ್ದೆ. ಒಳಗಿನಿಂದ ಠಕ್ ಠಕ್ ಸಪ್ಪಳ ಬಂತು. ಆಟ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮಗಳು ಕೂಗಿದಳು: “ಅಪ್ಪಾ, ಚಿಲಕ ತೆಗಿಯಾಕ ಬರವಲ್ದು!”

ಇಬ್ಬರೂ ಸುತ್ತಿಗೆ, ಸ್ಕ್ರೂಡ್ರೈವರ್, ಮೊಳೆ ಅಂತ ನನ್ನ ಹತ್ಯಾರು ಒಯ್ದು, ಬಾಗಿಲು ಹಾಕಿ, ನನ್ನ ಹಾಗೆಯೇ ಚಿಲಕ ‘ಗಟ್ಟಿ’ ಮಾಡಿದ್ದರು. ಚಿಲಕ ಸರಿಯುವ ಸಂದಿಗೇ ಮೊಳೆ ಬಡಿದಿದ್ದರು. ಹಾಲು ಉಕ್ಕಿ ಬೆಂಕಿ ಆರಿತ್ತು. ಬಾಗಿಲ ಸಂದಿಯಿಂದ ಸೀದ ಹಾಲಿನ ಜೊತೆ ಗ್ಯಾಸಿನ ವಾಸನೆಯೂ ಬರುತ್ತಿತ್ತು.

ಬಾಗಿಲು ಒಡೆಯಲು ನಾನು ಕಬ್ಬಿಣದ ಹಾರಿ ತಂದು ಎತ್ತಿದೆ. ಗಾಡಿಯಿಂದ ಮರಳಿದ ಹೆಂಡತಿ ಹಿತ್ತಲಿಗೆ ಓಡಿ ಅಡುಗೆಮನೆ ಕಿಟಕಿಯ ಸರಳು ಜಗ್ಗುತ್ತ ಚೀರುತ್ತಿದ್ದಳು. ಅದನ್ನು ಕೇಳಿಯೇ ಅಕ್ಕೋರು ಬಂದದ್ದು. ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಕಿಟಕಿಯಲ್ಲಿ ಇಣುಕಿದರು.

“ತಮ್ಮಾ, ಹಾರಿ ಕೆಳಗಿಡು. ಕೂಸು ಬಾಗಲಕ್ಕ ಆತು ಕುಂತೈತಿ,” ಎಂದು ನನಗೆ ಕೂಗಿ ಹೇಳಿದರು. ನನ್ನ ಕೈ ಅಲ್ಲೇ ನಿಂತಿತು.

ಆಮೇಲೆ ಒಳಗಿನ ಮಕ್ಕಳ ಕಡೆ ತಿರುಗಿದರು, ದನಿಯೇ ಬೇರೆಯಾಯಿತು. ಕ್ಲಾಸಿನಲ್ಲಿ ಪಾಟಿ ತೆಗೆಯಲು ಹೇಳಿದಂತೆ.

“ಅವ್ವೀ, ಒಲಿ ಕೆಳಗ ಸಿಲಿಂಡರ್ ಐತಲ್ಲ, ಅದರ ತಲಿ ಮ್ಯಾಲಿನ ಗುಂಡಿ ಅಪ್ಪ ಬಂದ್ ಮಾಡೂದು ನೋಡೀಯೇನು?”

“ಹೂಂ ರೀ.”

“ಹಂಗ ತಿರುವು. ಶಾಣ್ಯಾಕಿ! ಅಪ್ಪೀ, ನೀ ಬಾಗಲಾ ಬಿಟ್ಟು ನನ್ನ ಕಡೆ ಬಾ. ಅಕ್ಕ ಚಿಲಕದ ಸ್ಕ್ರೂ ಬಿಚ್ಚತಾಳ, ಎಣಸಾಂವ ನೀನ.”

ಬಾಗಿಲ ಈಚೆ ನಾನು ಕಿವಿಗೊಟ್ಟು ನಿಂತಿದ್ದೆ. ಒಳಗೆ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು. ಮಗಳು ಬಿಕ್ಕಿದಳು.

“ಬಿದ್ರ ಬೀಳವಲ್ದ್ಯಾಕ, ತಗೋ. ಉಣ್ಣೂ ಕೈ ಯಾವುದವ್ವಾ? ಹಾಂ, ಅದರ ಕಡೆ ಬ್ಯಾಡ. ಇನ್ನೊಂದು ಕೈ ಕಡೆ ತಿರುವು.”

“ಒಂದು...” ಅಂದ ಮಗ.

ಎರಡನೆಯದಕ್ಕೆ ಎಷ್ಟು ಹೊತ್ತು ಹಿಡಿಯಿತೋ. ಕಸಬಿನ ಬಡಿಗೇರ ಹಾಕಿದ್ದರೆ ಆ ಸ್ಕ್ರೂ ಮಗುವಿನ ಕೈಗೆ ಅಲುಗುತ್ತಿರಲಿಲ್ಲ. ನನ್ನ ಅರೆಬರೆ ಕೆಲಸವೇ ಆ ಹೊತ್ತಿಗೆ ಉಳಿಸಿತು. “ಮೂರು” ಎಂದ ಕೂಡಲೇ ಅಕ್ಕೋರು ಮಗಳನ್ನೂ ಕಿಟಕಿಯ ಕಡೆ ಕರೆದುಕೊಂಡು, “ಈಗ ದೂಡು ತಮ್ಮಾ,” ಎಂದರು. ಭುಜ ಕೊಟ್ಟೆ. ಚಿಲಕ ಕಿತ್ತು ಬಂತು.

ಮಕ್ಕಳನ್ನು ಅಂಗಳಕ್ಕೆ ತಂದವನೇ ಮಗಳ ಮೇಲೆ ಕೈ ಎತ್ತಿದೆ. ಅಕ್ಕೋರು ನಡುವೆ ಬಂದರು. “ನಿನ್ನ ನೋಡೇ ಕಲ್ತಾವು. ಹೊಡಿಯೂದನ್ನೂ ಕಲಸ್ತೀಯೇನು?” ಅಂದರು. ಅಷ್ಟಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತರು. ನೀರು ಕೊಟ್ಟೆವು.

ಮುಂದೆ ಅವರು ಬಸವನ ಬಾಗೇವಾಡಿಗೆ, ತಮ್ಮನ ಮನೆಗೆ ಹೋದರು. ಹೋಗುವಾಗ “ಮಕ್ಕಳನ್ನ ಕರಕೊಂಡ್ ಒಮ್ಮಿ ಬರ್ರಿ” ಅಂದಿದ್ದರು. ದೂರವೇನಲ್ಲ. ಇವತ್ತು ನಾಳೆ ಅನ್ನುವುದರಲ್ಲಿ... ಮಕ್ಕಳ ಪರೀಕ್ಷೆ, ನನ್ನ ಕೆಲಸ. ಹೀಗೆಯೇ ವರ್ಷಗಳು ಹೋದವು.

ಹೋದ ವಾರ ಬಾಗೇವಾಡಿಯಲ್ಲಿ ಕೆಲಸವಿತ್ತು. “ಈ ಸಲ ಅಕ್ಕೋರನ್ನ ಕಂಡಽ ಬಾ ಅಪ್ಪಾ,” ಎಂದು ಮಗಳು ಹಾಸ್ಟೆಲಿನಿಂದ ಫೋನು ಮಾಡಿ ಹೇಳಿದ್ದಳು. ಮನೆ ಹುಡುಕಿಕೊಂಡು ಹೋದೆ. ಅವರ ತಮ್ಮ ಬಾಗಿಲಲ್ಲೇ ನಿಂತು, “ಅಕ್ಕ ಹೋಗಿ ಮೂರು ತಿಂಗಳಾತ್ರಿ,” ಎಂದರು. ಯಾರಿಗೆಲ್ಲ ತಿಳಿಸಬೇಕೆಂದು ಅವರಿಗೆ ಗೊತ್ತಾಗಲಿಲ್ಲವಂತೆ.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಗಳ ಫೋನು. “ಅಕ್ಕೋರು ಸಿಕ್ರೇನಪ್ಪಾ? ನನ್ನ ನೆನಪೈತೇನವರಿಗೆ?”

“ಬಸ್ ಬಂತವ್ವಾ, ಆಮ್ಯಾಲ ಮಾತಾಡ್ತೇನಿ,” ಅಂದೆ. ಬಸ್ ಬಂದಿರಲಿಲ್ಲ.

ಅವಳಿಗೆ ಇನ್ನೂ ಹೇಳಿಲ್ಲ. ನಾಡಿದ್ದು ಊರಿಗೆ ಬರುತ್ತಾಳೆ. ಚೀಲ ಇಳಿಸುವ ಮೊದಲೇ ಕೇಳುತ್ತಾಳೆ, ನನಗೆ ಗೊತ್ತು.