ದೂಮಪ್ಪ ತಂಡೇಲರ ಪಕ್ಷ

ದೂಮಪ್ಪ ತಂಡೇಲರು ಇವತ್ತು ಯಾರ ಪಕ್ಷ ಎಂದು ತಿಳಿಯಬೇಕಾದರೆ, ಅವರ ದೋಣಿಯಲ್ಲಿ ಇವತ್ತು ಯಾರು ಬಂದಿಳಿದರು ಎಂದು ಕೇಳಿದರೆ ಸಾಕಿತ್ತು. ಆಗ ಮಂಗಳೂರಿಗೆ ಬರುವ ಸ್ಟೀಮರುಗಳು ಅಳಿವೆಯ ಹೊರಗೆ, ದೂರದ ಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು. ಅಲ್ಲಿಂದ ಬಂದರಿಗೆ ಜನರನ್ನು ತರುತ್ತಿದ್ದ ದೋಣಿಗಳಲ್ಲಿ ಒಂದು ಹೊಳೆಯಾಚೆಯ ಬೆಂಗ್ರೆಯ ಈ ದೂಮಪ್ಪನವರದ್ದು. ಹುಟ್ಟು ಹಾಕಲು ಆರು ಮಂದಿ, ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ತಂಡೇಲರು. ತಲೆಯ ಮೇಲೆ ಅಡಿಕೆ ಹಾಳೆಯ ಮುಟ್ಟಾಳೆ, ಗಂಟಲು ಮಾತ್ರ ನಾಲ್ಕು ಜನರದ್ದು.

ಅವರ ದೋಣಿಯಲ್ಲಿ ಕಾಲಿಟ್ಟವರು ತಿರುಗಿ ಹಡಗು ಹತ್ತುವ ತನಕ ಅವರ ಜನ. ಒಮ್ಮೆ ಹೊನ್ನಾವರದ ಕಡೆಯಿಂದ ಒಂದು ಮದುವೆಯ ದಿಬ್ಬಣ ಬಂತು. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರೊಡನೆ ಜಗಳ ಹತ್ತಿತೆಂದು ಕೇಳಿದ್ದೇ ತಡ, ತಂಡೇಲರು ಕರೆಯದೆಯೇ ಹೋಗಿ ಗಂಡಿನ ಕಡೆ ನಿಂತು ಕೂಗಾಡಿ ಬಂದರು. ಮಾರನೆಯ ದಿನ ಹೆಣ್ಣಿನ ಸೋದರಮಾವ ಅದೇ ದೋಣಿಯಲ್ಲಿ ಇಳಿದ. ಸಂಜೆ ತಂಡೇಲರ ಬಾಯಲ್ಲಿ ಹೆಣ್ಣಿನ ಕಡೆಯವರದ್ದೇ ನ್ಯಾಯ! ನಾನು ನಗಾಡಿದರೆ, "ನೀವು ಆಫೀಸಿನವರು, ನಿಮಗೆ ಪಕ್ಷ ಇಲ್ಲ. ನಮಗೆ ಹಾಗೆ ಆಗ್ತದಾ ಮಾರಾಯ್ರೇ?" ಎಂದು ನನ್ನನ್ನೇ ಗದರಿಸಿದರು. ನಾನು ಆಗ ಸ್ಟೀಮರ್ ಏಜೆಂಟರ ಆಫೀಸಿನಲ್ಲಿ ಗುಮಾಸ್ತ.

ಒಂದು ಚಳಿಗಾಲದಲ್ಲಿ ಮುಂಬಯಿಯಿಂದ ಬಿಳಿಯರ ಒಂದು ರಗ್ಬಿ ತಂಡ ಕರಾವಳಿಯುದ್ದಕ್ಕೂ ಆಡುತ್ತಾ ನಮ್ಮಲ್ಲಿಗೆ ಬಂತು. ಇಳಿದದ್ದು ದೂಮಪ್ಪನವರ ದೋಣಿಯಲ್ಲಿ. ಎದುರಾಳಿಗಳು ಘಟ್ಟದ ಮೇಲಿನ ಕಾಫಿ ತೋಟದ ದೊರೆಗಳು. ಆ ಆಟದ ತಲೆಬುಡ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಮೈದಾನದ ಸುತ್ತ ಜಾತ್ರೆಯಷ್ಟು ಜನ. ಬಂದರಿನವರೆಲ್ಲ ತಂಡೇಲರ ಹಿಂದೆ ನಿಂತು ಮುಂಬಯಿಯವರ ಪರ ಬೊಬ್ಬೆ ಹೊಡೆದೆವು. ಹೊಡೆದದ್ದಷ್ಟೇ ಬಂತು. ತೋಟದ ದೊರೆಗಳು ನಮ್ಮವರನ್ನು ನೆಲಕ್ಕೆ ಕೆಡವಿ, ತುಳಿದು, ನಲವತ್ತೊಂದಕ್ಕೆ ಮೂರರಲ್ಲಿ ಸೋಲಿಸಿದರು.

ಆ ಸಂಜೆ ಇದಿನಬ್ಬನ ಚಾದಂಗಡಿಯ ಬೆಂಚಿನಲ್ಲಿ ಕೂರಲು ಜಾಗವಿರಲಿಲ್ಲ. ಇದಿನಬ್ಬ ಚಾ ಎತ್ತಿ ಹೊಯ್ಯುತ್ತಲೇ ತೀರ್ಪು ಕೊಟ್ಟ: "ಚೆಂಡೇ ಸಮ ಇಲ್ಲ. ಮೊಟ್ಟೆಯ ಹಾಗೆ ಉಂಟು. ನೆಲಕ್ಕೆ ಬಿದ್ದರೆ ಎತ್ತ ಹಾರ್ತದೆ ಅಂತ ಮೇಲಿನವನಿಗೇ ಗೊತ್ತು."

"ಅದೇ ಚೆಂಡಲ್ವಾ ಅವರಿಗೂ?" ಎಂದು ಯಾರೋ ಕೇಳಿದರು.

"ಮುಂದೆ ಎಸೆಯಲಿಕ್ಕಿಲ್ಲ ಅಂತೆ, ಹಿಂದೆಯೇ ಎಸೆಯಬೇಕಂತೆ. ಹಿಂದೆ ಎಸೆದು ಮುಂದೆ ಹೋಗುವುದು ಎಂತ ಆಟ?" ಎಂದ ಇನ್ನೊಬ್ಬ.

ತಂಡೇಲರು ಬೆಂಚಿಗೆ ಗುದ್ದಿದರು. "ನಾವು ಹುಟ್ಟು ಹಾಕುವುದು ಬೆನ್ನು ಮುಂದೆ ಮಾಡಿಯೇ ಅಲ್ವಾ? ದೋಣಿ ಮುಂದೆ ಹೋಗುವುದಿಲ್ವಾ? ಆಟ ಒಳ್ಳೆಯದುಂಟು. ತಲೆಗೆ ತಲೆ ಕೊಟ್ಟು ದೂಡಿದ್ದು ನೋಡಿದಿರಾ? ದೋಣಿ ನೀರಿಗೆ ಇಳಿಸುವಾಗ ನಾವು ದೂಡುವುದಿಲ್ವಾ, ಹಾಗೆಯೇ. ದೋಣಿಯೊಂದು ಇಲ್ಲ, ಅಷ್ಟೇ. ನಮ್ಮವರಿಗೆ ಕಣ್ಣಿಗೆ ಬಿಸಿಲು ಹೊಡೆದದ್ದು, ಇಲ್ಲದಿದ್ದರೆ ಸೋಲುವ ಜನ ಅಲ್ಲ!"

ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬ ರೆಫ್ರಿಯನ್ನು ಬೈದ, ಒಬ್ಬ ಕ್ಲಬ್ಬಿನಲ್ಲಿ ಮಧ್ಯಾಹ್ನ ಕೊಟ್ಟ ಊಟವನ್ನು. ನನಗೂ ಆವೇಶ ಬಂದು ಏನೋ ಕಿರುಚಿದ ನೆನಪು. ಆಗ ಮೂಲೆಯಲ್ಲಿ ಚಾ ಕುಡಿಯುತ್ತಿದ್ದ ಐತಪ್ಪ ಬಾಯಿ ಬಿಟ್ಟ. ಅವನೂ ತಂಡೇಲನೇ, ಬಂದರಿನ ಇನ್ನೊಂದು ದೋಣಿಯವನು.

"ಬಿಸಿಲೂ ಅಲ್ಲ, ಊಟವೂ ಅಲ್ಲ. ಬಂದ ದೋಣಿ ಯಾವುದು ನೋಡಿ. ಹೋದ ತಿಂಗಳು ಅದರಲ್ಲಿ ಬಂದ ಸಾಹುಕಾರರು ಕೋರ್ಟಿನಲ್ಲಿ ಸೋತರು. ಈಗ ಇವರು. ಆ ದೋಣಿಯ ಗುಣವೇ ಹಾಗೆ."

ಎಲ್ಲರೂ ತಂಡೇಲರ ಕಡೆ ತಿರುಗಿದರು. ಬಂದರಿನಲ್ಲಿ ಇದು ತಮಾಷೆಯ ಮಾತಲ್ಲ. ಒಂದು ದೋಣಿಗೆ ಗುಣ ಇಲ್ಲವೆಂಬ ಹೆಸರು ಬಿದ್ದರೆ ಅದಕ್ಕೆ ಹುಟ್ಟು ಹಾಕಲು ಜನ ಸಿಗುವುದಿಲ್ಲ, ಹತ್ತುವವರೂ ಇಲ್ಲ. ಮರಳಿನ ಮೇಲೆ ಮಗುಚಿಟ್ಟ ಅಂಥ ದೋಣಿಗಳನ್ನು ಬೆಂಗ್ರೆಯಲ್ಲಿ ನಾನೇ ಕಂಡಿದ್ದೆ. ತಂಡೇಲರ ಹುಟ್ಟಿನವರಲ್ಲಿ ಇಬ್ಬರು ಆಗಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾಳೆ ಮೈ ಸರಿಯಿಲ್ಲ ಎಂದು ಗೊಣಗಿದರು. ತಂಡೇಲರು ಚಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಜಗಳವಾಡದೆ ಅವರು ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬೆಳಿಗ್ಗೆ ತಂಡವನ್ನು ಹಡಗಿಗೆ ಮುಟ್ಟಿಸಲು ನಾನೂ ಹೋಗಬೇಕಿತ್ತು. ಹುಟ್ಟಿಗೆ ನಾಲ್ಕೇ ಮಂದಿ. ಪೆಟ್ಟಿಗೆಗಳನ್ನೆಲ್ಲ ಹೇರಿಕೊಂಡು ಐತಪ್ಪನ ದೋಣಿ ನಮ್ಮ ಪಕ್ಕದಲ್ಲೇ ಬರುತ್ತಿತ್ತು. ಅಳಿವೆ ದಾಟಿದ್ದೇ ತಂಡೇಲರು ಹುಟ್ಟು ನಿಲ್ಲಿಸಿದರು.

"ಗುಮಾಸ್ತರೇ, ಆ ಕ್ಯಾಪ್ಟನ್‌ನ ಹತ್ತಿರ ಕೇಳಿ, ಯಾಕೆ ಸೋತದ್ದು ಅಂತ. ದೋಣಿಯಲ್ಲಿ ಏನಾದರೂ ಕಷ್ಟ ಆಯಿತಾ ಅಂತ ಕೇಳಿ. ಹೌದು ಅಂದರೆ ಹೌದು ಅಂತಲೇ ಹೇಳಿ. ಐತಪ್ಪನಿಗೂ ಕೇಳಲಿ."

ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ. ಮೂಗಿಗೆ ಪಟ್ಟಿ ಕಟ್ಟಿಕೊಂಡಿದ್ದ ಕ್ಯಾಪ್ಟನ್ ಮೊದಲು ಬೆಪ್ಪಾಗಿ ನೋಡಿದ, ಆಮೇಲೆ ಗಹಗಹಿಸಿ ನಕ್ಕ. ಅವನು ಹೇಳಿದ್ದನ್ನು ನಾನು ಎರಡೂ ದೋಣಿಗೆ ಕೇಳುವ ಹಾಗೆ ಕೂಗಿ ಹೇಳಿದೆ: "ಮುಂಬಯಿ ಬಿಟ್ಟ ಮೇಲೆ ಆಡಿದ ಕಡೆಯೆಲ್ಲ ಸೋತಿದ್ದಾರಂತೆ! ಬೇರೆ ಒಂದು ಕಡೆಯೂ ಚೆಂಡು ಗೆರೆ ದಾಟಿಸಿ ಒಂದು ಅಂಕ ಪಡೆಯಲಿಲ್ಲವಂತೆ! ಅವರಿಗೆ ಆ ಮೂರಾದರೂ ಸಿಕ್ಕಿದ್ದು ಮಂಗಳೂರಿನಲ್ಲಿ ಮಾತ್ರವಂತೆ!"

"ಎಲ್ಲಾ ಕಡೆ ಸೋತದ್ದಾ?" ತಂಡೇಲರು ಎದ್ದು ನಿಂತೇಬಿಟ್ಟರು. "ಕೇಳಿತಾ ಐತಪ್ಪಾ? ಎಲ್ಲಾ ಕಡೆ! ನನ್ನ ದೋಣಿ ಹತ್ತುವ ಮೊದಲೇ ಸೋತವರು! ಆ ಮೂರು ನನ್ನ ದೋಣಿಯದ್ದು ಮಾರಾಯಾ!" ಎಂದು ಮುಟ್ಟಾಳೆ ತೆಗೆದು ಆಕಾಶಕ್ಕೆ ಎಸೆದರು. ದೋಣಿ ಹೊಯ್ದಾಡಿ ಅರ್ಧ ಜನ ಒದ್ದೆಯಾದೆವು. ದಡದ ಗಾಳಿ ಮುಟ್ಟಾಳೆಯನ್ನು ಹೊತ್ತು ಮುಂಬದಿಯ ನೀರಿಗೆ ಹಾಕಿತು. ದೋಣಿಯ ಮುಂತುದಿಯಲ್ಲಿ ಕೂತಿದ್ದ ಕೆಂಪು ಗಡ್ಡದ ದೈತ್ಯ ಬಗ್ಗಿ ಅದನ್ನು ಎತ್ತಿ, ತಿರುಗದೆಯೇ ಹಿಂದಿನವನಿಗೆ ಎಸೆದ. ಅವನು ತನ್ನ ಹಿಂದಿನವನಿಗೆ. ಹಾಗೆ ಕೈಯಿಂದ ಕೈಗೆ ಹಿಂದೆ ಹಿಂದೆ ಹಾರಿ ಅದು ತಂಡೇಲರ ಎದೆಗೆ ಬಂದು ಬಿತ್ತು. ಆ ಪ್ರವಾಸದಲ್ಲಿ ತಂಡದವರು ಒಂದು ಸಲವೂ ಕೆಡವದೆ ದಾಟಿಸಿದ್ದು ಅದೊಂದೇ ಇರಬೇಕು. ಸೋತವರು, ನಾವು, ಹುಟ್ಟಿನವರು ಎಲ್ಲ ಸೇರಿ ಹೊಡೆದ ಬೊಬ್ಬೆಗೆ ಹಡಗಿನವರು ಡೆಕ್ಕಿನ ಅಂಚಿನ ಕಟಾಂಜನಕ್ಕೆ ಓಡಿ ಬಂದು ನೋಡಿದರು.

"ಆಯಿತು ಬಿಡು, ದೋಣಿಯದ್ದು ತಪ್ಪಿಲ್ಲ," ಎಂದ ಐತಪ್ಪ. ಮರುದಿನ ಆರು ಹುಟ್ಟಿಗೂ ಜನ ಇದ್ದರು.

ಯುದ್ಧ ಬಂದ ಮೇಲೆ ಸ್ಟೀಮರುಗಳು ಅಪರೂಪವಾದವು. ತಂಡೇಲರಿಗೆ ದಮ್ಮು ಹಿಡಿದಿದೆ ಎಂದು ತಿಳಿದು ಒಂದು ಭಾನುವಾರ ಬೆಂಗ್ರೆಗೆ ಹೋದೆ. ಚಾಪೆಯ ಮೇಲೆ ಮಲಗಿದ್ದರು. ಆ ಗಂಟಲಿನಲ್ಲಿ ಸ್ವರವೇ ಉಳಿದಿರಲಿಲ್ಲ. ಊರಿನ ಸುದ್ದಿ ಕೇಳಿದರು. ಮಡಿಕೇರಿಯಿಂದ ಹಾಕಿ ತಂಡ ಬಂದು ಮೈದಾನದಲ್ಲಿ ಕೆಟ್ಟದಾಗಿ ಸೋತಿತು ಎಂದೆ.

"ಬಂದದ್ದು ಯಾವುದರಲ್ಲಿ?"

"ಬಸ್ಸಿನಲ್ಲಿ. ಪೆಟ್ರೋಲ್ ಸಿಗದೆ ಈಗ ಓಡುವ ಇದ್ದಲಿನ ಬಸ್ಸು."

ಅವರು ಮೊಣಕೈ ಊರಿ ಎದ್ದು ಕೂತರು. ಕಣ್ಣು ಹೊಳೆಯಿತು. "ಮತ್ತೆ? ಆ ಹುಡುಗರದ್ದು ಎಂತ ತಪ್ಪೂ ಇಲ್ಲ. ಬಸ್ಸೇ ಸಮ ಇಲ್ಲ. ಹೋಗುವಾಗ ನಮ್ಮ ದೋಣಿಯಲ್ಲಿ ಹೋಗಲಿಕ್ಕೆ ಹೇಳಿ ಅವರಿಗೆ. ನಾನು ಬಿಟ್ಟು ಬರ್ತೇನೆ."

ಮಡಿಕೇರಿ ಇರುವುದು ಘಟ್ಟದ ಮೇಲೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳುತ್ತೇನೆ ಎಂದೆ. ನಾವಿಬ್ಬರು ಆಡಿದ ಕೊನೆಯ ಮಾತು ಅದು.