ಸ್ಕ್ಯಾಗ್ಸ್ ಹೆಸರಿನ ಕೋವಿಗಳು

ಕೆಂಟಕಿಯ ನಮ್ಮ ಕಣಿವೆಯಲ್ಲಿ ಅಂಗಡಿಕಾರ ಎಲ್ವುಡ್ ಸ್ಕ್ಯಾಗ್ಸ್ ಮಾರಿದ ಕೋವಿ ಇಲ್ಲದ ಮನೆ ಹುಡುಕಬೇಕಿತ್ತು. ಎಲ್ಲೋ ದೂರದ ಕಾರ್ಖಾನೆಯೊಂದು ಅಗ್ಗದ ಒಂಟಿ ನಳಿಗೆಯ ಕೋವಿ ಮಾಡಿ, ಕೇಳಿದ ಅಂಗಡಿಯ ಹೆಸರು ಕೆತ್ತಿ ಕಳಿಸುತ್ತಿತ್ತು. ಎಲ್ವುಡ್ ತನ್ನ ಹೆಸರನ್ನೇ ಕೆತ್ತಿಸಿದ್ದ. ಜಂಭ, ಇನ್ನೇನು! ಹಳೆಯದಾಗಿ, ತೋಟಾ ತುಂಬಲು ನಳಿಗೆ ಮಡಚುವ ಕೀಲು ಸಡಿಲವಾದರೆ ನಶ್ಯದ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ತುರುಕಿ, "ಹೋಗು, ಇನ್ನು ನಿನ್ ಮೊಮ್ಮಗನ ಕಾಲಕ್ಕೂ ಸಾಕು" ಎನ್ನುತ್ತಿದ್ದ.

ಅಂಗಡಿ ಮುಚ್ಚಿ ಆರು ವರ್ಷವಾದ ಮೇಲೆ, ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಅಳಿಲು ಹೊಡೆಯಲು ಹೋದ ಹೋಬರ್ಟ್ ಕೂಂಬ್ಸನ ಕೋವಿ ಗುಂಡು ಹಾರುವಾಗಲೇ ಕೀಲಿನಲ್ಲಿ ಬಾಯಿ ಬಿಟ್ಟಿತು. ಬಲಗಣ್ಣು ಹೋಯಿತು. ತಗಡು ಹಾಕಿದವನು ಎಲ್ವುಡ್.

ಅಂದಿನಿಂದ ಆ ಕೋವಿಗಳನ್ನು ವಾಪಸು ಪಡೆಯಲು ಮನೆಮನೆ ಅಲೆದ. ಅವನಿಗೆ ದೃಷ್ಟಿ ಮಂದ, ಪಕ್ಕದ ಮನೆಯವಳಾದ ನಾನೇ ಟ್ರಕ್ ಓಡಿಸುತ್ತಿದ್ದೆ. ಹೋದಲ್ಲೆಲ್ಲ ಜೋಳದ ರೊಟ್ಟಿ, ಮಜ್ಜಿಗೆ ಸಿಕ್ಕಿತು, ಕೋವಿ ಸಿಗಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ವಿಧವೆ ವರ್ಡಾಳ ಮನೆಯಲ್ಲಂತೂ ಗೋಗರೆದ.

"ಕೊಟ್ಬಿಡು ವರ್ಡಾ, ನಿನ್ ದಮ್ಮಯ್ಯ."

"ಕೊಟ್ಟು? ನರಿ ಬಂದ್ರೆ ಪೊರಕೆ ಹಿಡ್ಕೊಂಡು ಓಡ್ಲಾ ಮಾವ? ಬೇರೆ ಕೊಡಿಸ್ತೀರಾ?"

ಕೊಡಿಸುವ ಶಕ್ತಿ ಅವನಿಗೆ ಎಲ್ಲಿತ್ತು?

"ಅದು ಕಣ್ ತೆಗಿಯತ್ತೆ ಕಣೇ."

"ಹೋಬರ್ಟ್ ಕುಡ್ದಿರ್ತಾನೆ ಬಿಡಿ. ನೋಡಿ, ನಿಮ್ ಹೆಸ್ರೇ ಐತಲ್ಲ ಇಲ್ಲಿ. ನಿಮ್ಮನ್ನ ನಂಬ್ದೆ ಇನ್ಯಾರನ್ನ ನಂಬ್ಲಿ?"

ಎಲ್ವುಡ್ ಬರಿಗೈಲಿ ಬಂದು ಟ್ರಕ್ ಹತ್ತಿದ. ನನಗೆ ವರ್ಡಾಳ ಮೇಲೆ ಸಿಟ್ಟು ನೆತ್ತಿಗೇರಿತ್ತು. ದಾರಿಯಲ್ಲಿ ಅವನು "ಮಾಡಿದ್ದುಣ್ಣೋ ಮಾರಾಯ" ಎಂದು ತನಗೆ ತಾನೇ ಹೇಳಿಕೊಂಡ. ನನಗೆ ಅಳು ಬಂತು.

ಮರುವರ್ಷ ಬೇಟೆಯ ಕಾಲ ಶುರುವಾದ ದಿನ ಎಲ್ವುಡ್ ಜಗಲಿಯಲ್ಲಿ ಕೂತಿದ್ದ. ಗುಡ್ಡದಲ್ಲಿ ಗುಂಡಿನ ಸದ್ದಾದಾಗಲೆಲ್ಲ ಎದ್ದು ನಿಂತು, ಯಾರಾದರೂ ಕಿರುಚಿದರೇನೋ ಎಂದು ಕಿವಿಗೊಡುತ್ತಿದ್ದ. ಸಂಜೆಯವರೆಗೂ ಹಾಗೇ. ಆ ಚಳಿಗಾಲ ಅವನು ದಾಟಲಿಲ್ಲ.

ಮಣ್ಣು ಮಾಡಿದ ದಿನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. "ಎಂಥಾ ಮನ್ಷ! ಅವ್ನ್ ಕೊಟ್ಟ ಕೋವಿ ಇವತ್ತಿಗೂ ನಮ್ಮನೇಲೈತೆ."

ಯಾರನ್ನೂ ಬೈಯಲು ನನಗೆ ಬಾಯಿಲ್ಲ. ನನ್ನ ಕೋವಿಯನ್ನೂ ಕೇಳಿದ್ದ. ನಾಳೆ ಕೊಡುತ್ತೇನೆ ಎಂದಿದ್ದೆ. ಅದು ಈಗಲೂ ಬಾಗಿಲ ಹಿಂದೆ ಇದೆ, ಒಳಗೆ ತೋಟಾ ಸಮೇತ.