ಅಕ್ಕನ ಹದಿಮೂರರ ಮಗ್ಗಿ

ಅಕ್ಕನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಬೆಸುಗೆ ಹಾಕಿ, ಬಿಸಿ ಸೀಸ ತಾಗಿಸಿಕೊಂಡು, ಆ ಎರಡು ಬೆರಳುಗಳು ಹುಣಸೆಬೀಜದ ಹಾಗೆ ನುಣುಪಾಗಿದ್ದವು. ಆಧಾರ್ ಕಾರ್ಡು ಮಾಡಿಸಲು ಅವರನ್ನು ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಬೆರಳು ಒತ್ತಿದರೆ ಯಂತ್ರ ಹಿಡಿಯಲೇ ಇಲ್ಲ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಮಲಯಾಳಿ ಹುಡುಗಿ, "ನಿಮ್ಮ ಬೆರಳಿನದ್ದೇ ಪ್ರಾಬ್ಲಂ ಚೇಚಿ" ಎಂದಳು.

"ಅದು ಆಮೇಲೆ ನೋಡುವ. ಮೊದಲು ಮಿಷನಿನ ಗಾಜು ಒರೆಸಿ. ಮತ್ತೆ ಆ ವಯರು ಒಮ್ಮೆ ತೆಗೆದು ಹಾಕಿ. ಆಮೇಲೆ ಬೇರೆ ಯಾರದ್ದಾದರೂ ಬೆರಳು ಇಟ್ಟು ನೋಡಿ" ಎಂದರು ಅಕ್ಕ.

ಹುಡುಗಿ ಗೊಣಗಿಕೊಂಡೇ ಎಲ್ಲ ಮಾಡಿದಳು. ಹಿಂದೆ ನಿಂತಿದ್ದ ನನ್ನ ಬೆರಳು ಇಟ್ಟ ಕೂಡಲೇ ಯಂತ್ರ ಹಿಡಿಯಿತು. ಅಕ್ಕ ತಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿ, ಒಂದಿಷ್ಟೂ ಬೇಸರವಿಲ್ಲದೆ, "ಹಾಗಾದ್ರೆ ಸರಿ. ಇದು ನನ್ನದೇ" ಎಂದು ಒಪ್ಪಿಕೊಂಡರು.

ಅವರು ಅಡೂರಿನ ಕಡೆಯವರು. ಮದುವೆಯಾಗಿ ಸೀತಾಂಗೋಳಿಗೆ ಬಂದವರು. ಅಲ್ಲಿ ಸ್ಟೆಬಿಲೈಸರ್ ಮಾಡುವ ಒಂದು ಸಣ್ಣ ಕಾರ್ಖಾನೆ ಇತ್ತು. ಅದರಲ್ಲಿ ಬೆಸುಗೆ ಹಾಕುವ ಸಾಲಿನಲ್ಲಿ ಕುಳಿತವರೆಲ್ಲ ಹೆಂಗಸರು. ಕಾರ್ಖಾನೆ ಮುಚ್ಚಿದಾಗ ಉಳಿದವರು ಹೊಲಿಗೆಗೋ ಬೀಡಿಗೋ ಕುಳಿತರು. ಅಕ್ಕ ಮಾತ್ರ ತಾವು ಕುಳಿತಿದ್ದ ಮೇಜನ್ನೇ ಕೇಳಿ ತೆಗೆದುಕೊಂಡು ಮನೆಯ ಜಗಲಿಗೆ ತಂದು ಹಾಕಿದರು. ಮೊದಲು ಇಸ್ತ್ರಿಪೆಟ್ಟಿಗೆ, ಮಿಕ್ಸಿ, ರೇಡಿಯೋ. ಆಮೇಲೆ ನಿಧಾನಕ್ಕೆ ಸುತ್ತಲಿನ ಮೈಕ್‌ಸೆಟ್ಟಿನವರೆಲ್ಲ ಬರತೊಡಗಿದರು. ಬೋರ್ಡು ಇರಲಿಲ್ಲ. 'ರಿಪೇರಿ ಅಕ್ಕ' ಎಂದರೆ ಬಸ್ಸಿನ ಕಂಡಕ್ಟರನೂ ಮನೆ ತೋರಿಸುತ್ತಿದ್ದ.

ನಾನು ಗಲ್ಫಿನಿಂದ ವಾಪಸು ಬಂದು ಡಿಜೆ ಸೆಟ್ಟು ಕೊಂಡದ್ದು ಎರಡು ಸಾವಿರದ ಎಂಟೋ ಒಂಬತ್ತೋ. ಹಾಡು ಹಾಕುವುದು, ಮೈಕು ಹಿಡಿದು ಮಾತಾಡುವುದು ನನ್ನ ಕೆಲಸ. ವಯರು, ಪ್ಲಗ್ಗು, ಸ್ಪೀಕರು ಎಲ್ಲ ನನ್ನ ಗೆಳೆಯನದ್ದು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅಕ್ಕನ ಬಳಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವನೂ ಅವನೇ. ಡಿಜೆ ರಿಪೇರಿಗೆ ಹೆಂಗಸಾ ಎಂದು ದಾರಿಯುದ್ದಕ್ಕೂ ತಮಾಷೆ ಮಾಡಿದ್ದೆ. ವಾಪಸು ಬರುವಾಗ, ಇನ್ನು ರಿಪೇರಿಗೆ ಇಲ್ಲಿಗೇ ಬರುವುದೆಂದು ನಾನೇ ಹೇಳಿದ್ದೆ.

ಅಕ್ಕ ರಿಪೇರಿ ಮಾಡುವ ಕ್ರಮವೇ ಬೇರೆ. ತಂದ ಕೂಡಲೇ ಸ್ಕ್ರೂ ಬಿಚ್ಚುತ್ತಿರಲಿಲ್ಲ. ಎಲ್ಲವನ್ನೂ ಜೋಡಿಸಿ, ಹಚ್ಚಿಟ್ಟು, ತಾವು ಹೋಗಿ ಸಾರಿಗೆ ಮಸಾಲೆ ಅರೆಯುತ್ತಿದ್ದರು. ಆದರೆ ಹಾಡು ಹಾಕಲು ಬಿಡುತ್ತಿರಲಿಲ್ಲ. ಹಾಡಿನಲ್ಲಿ ಅರ್ಧ ಸೆಕೆಂಡು ಸದ್ದು ಹೋದರೆ ಅದು ಹಾಡಿನದ್ದೋ ಮಿಷನಿನದ್ದೋ ತಿಳಿಯುವುದಿಲ್ಲ ಎಂಬುದು ಅವರ ವಾದ. ಅದಕ್ಕಾಗಿ ತಮ್ಮದೇ ಸ್ವರದಲ್ಲಿ ಹದಿಮೂರರ ಮಗ್ಗಿಯನ್ನು ರೆಕಾರ್ಡು ಮಾಡಿ ಇಟ್ಟುಕೊಂಡಿದ್ದರು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ಅಂಕೆ ನುಂಗಿಹೋದರೂ ಅಡಿಗೆಮನೆಯಿಂದಲೇ ಹಿಡಿಯುತ್ತಿದ್ದರು. ಹದಿಮೂರಾರ್ಲ ಬಂದಾಗ ಹಿಂದಿನಿಂದ ಉದ್ದಕ್ಕೆ ಒಂದು ಸೀಟಿ ಕೇಳುತ್ತಿತ್ತು. ಮೊದಲ ದಿನ ನಾನು ಜಾಣನ ಹಾಗೆ, "ಸಿಕ್ಕಿತು ಅಕ್ಕ, ನೋಡಿ ಅಲ್ಲಿ ಫಾಲ್ಟು" ಎಂದು ಎದ್ದು ನಿಂತಿದ್ದೆ.

"ಕೂತ್ಕೊ ಮಾರಾಯ. ಅದು ನಮ್ಮ ಕುಕ್ಕರು. ರೆಕಾರ್ಡು ಮಾಡುವಾಗ ಗಂಜಿ ಇಟ್ಟಿದ್ದೆ" ಎಂದಿದ್ದರು.

ಮೇಜಿನ ಮೇಲಿದ್ದ ಸಾಮಾನು ಸ್ವಲ್ಪವೇ. ತಟ್ಟಿ ನೋಡಲು ಹಳೆಯ ಟೂತ್‌ಬ್ರಷ್ಷಿನ ಹಿಡಿ, ಬಿಸಿ ಮಾಡಿ ನೋಡಲು ಕೂದಲು ಒಣಗಿಸುವ ಡ್ರೈಯರು, ತಂಪು ಮಾಡಿ ನೋಡಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸು. ಮತ್ತೆ ಒಂದು ಚೀಟಿಯ ಕಟ್ಟು. ಪ್ರತಿ ಮಿಷನಿಗೂ ಅವರು ಚೀಟಿ ಕಟ್ಟುತ್ತಿದ್ದರು. ಯಾವ ದಿನ ಕೆಟ್ಟಿತು, ಎಲ್ಲಿ, ಆಗ ಏನು ನಡೆಯುತ್ತಿತ್ತು, ಅಷ್ಟೇ ಅದರಲ್ಲಿ.

"ಪೂರ್ತಿ ಕೆಟ್ಟದ್ದನ್ನು ಯಾರು ಬೇಕಾದರೂ ಮಾಡ್ತಾರೆ. ಈ ಒಮ್ಮೆ ಬಂದು ಒಮ್ಮೆ ಹೋಗುದು ಉಂಟಲ್ಲ, ಅದು ನಮ್ಮ ಬಾಯಲ್ಲಿ ಸುಳ್ಳು ಹೇಳಿಸ್ತದೆ" ಎನ್ನುತ್ತಿದ್ದರು. ಆ ಮಾತು ಎಷ್ಟು ನಿಜ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಆ ವರ್ಷ ನವರಾತ್ರಿ ಕಳೆದು ಮದುವೆಗಳು ಶುರುವಾದಾಗ ನಮ್ಮ ಸೆಟ್ಟಿಗೆ ಒಂದು ಕಾಯಿಲೆ ಹಿಡಿಯಿತು. ಎಡಬದಿಯ ಸದ್ದು ಇದ್ದಕ್ಕಿದ್ದಂತೆ ಹೋಗುವುದು, ಕೆಲವೊಮ್ಮೆ ತಾನಾಗಿಯೇ ಬರುವುದು, ಕೆಲವೊಮ್ಮೆ ಬಾರದಿರುವುದು. ಮನೆಯಲ್ಲಿ ಹಚ್ಚಿದರೆ ಏನೂ ಇಲ್ಲ, ಕಾರ್ಯಕ್ರಮದಲ್ಲೇ ಕೈಕೊಡುವುದು. ಗೆಳೆಯ ಓಡಿಬಂದು ಮಿಕ್ಸರಿನ ಹಿಂದೆ ಕೈ ಹಾಕಿ ಒಂದು ಕೇಬಲ್ಲು ಅಲ್ಲಾಡಿಸುತ್ತಿದ್ದ, ಸದ್ದು ಬರುತ್ತಿತ್ತು. ಎಲ್ಲ ಸ್ಪೀಕರುಗಳಿಗೆ ಹಾಡು ಹಂಚಿಹೋಗುವುದು ಆ ಮಿಕ್ಸರಿನಿಂದಲೇ. ಅವನು ಮುಟ್ಟಿದಾಗಲೇ ಸರಿಯಾಗುವುದನ್ನು ನಾಲ್ಕು ಸಲ ನೋಡಿದ ಮೇಲೆ ನಾನು ತೀರ್ಮಾನ ಮಾಡಿಬಿಟ್ಟೆ.

ಅಗಲ್ಪಾಡಿ ಕಡೆಯ ಒಂದು ಮದುವೆ. ಮಧ್ಯಾಹ್ನದ ಊಟಕ್ಕೆ ಮೊದಲು ಮದುಮಗಳ ಅಜ್ಜ ಮೈಕು ಹಿಡಿದು ನಾಲ್ಕು ಮಾತು ಹೇಳಲು ಎದ್ದರು. ಮುಪ್ಪಿನ ಸ್ವರ, ಮೊದಲೇ ಸಣ್ಣದು. ನಡುವೆ ಎಡಬದಿಯ ಸದ್ದು ಹೋಯಿತು, ಬಂತು, ಮತ್ತೆ ಹೋಯಿತು. ಜನ ನಕ್ಕರು. ಅಜ್ಜ ತಮ್ಮದೇ ತಪ್ಪು ಎಂಬಂತೆ ಮೈಕನ್ನು ಮೇಜಿನ ಮೇಲಿಟ್ಟು ಕುಳಿತುಬಿಟ್ಟರು. ನನ್ನ ತಲೆ ಕೆಟ್ಟಿತು. ಅಷ್ಟು ಜನರ ಎದುರು ಗೆಳೆಯನಿಗೆ, "ಕುಡಿದು ಬಂದು ವಯರು ಚುಚ್ಚಿದರೆ ಇನ್ನೆಂತ ಆಗ್ತದೆ" ಎಂದೆ.

ಅವನು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಎಷ್ಟು ಕಷ್ಟಪಟ್ಟು ಬಿಟ್ಟನೆಂದು ಅವನ ಹೆಂಡತಿಯನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ. ಅವನು ಕಾರ್ಯಕ್ರಮ ಮುಗಿಯುವ ತನಕ ಮಿಕ್ಸರಿನ ಹಿಂದೆಯೇ ನಿಂತಿದ್ದು, ಎಲ್ಲ ಕೇಬಲ್ಲುಗಳನ್ನು ಸುತ್ತಿ ಗಾಡಿಗೆ ತುಂಬಿಸಿ, "ನಾಳೆಯಿಂದ ನೀನೇ ಚುಚ್ಚು" ಎಂದು ಹೇಳಿ ಬಸ್ಸು ಹತ್ತಿದ.

ನಾನು ಹಟಕ್ಕೆ ಬಿದ್ದು ಎಲ್ಲ ಕೇಬಲ್ಲು ಹೊಸತು ಹಾಕಿಸಿದೆ. ಮುಂದಿನ ಎರಡು ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಗೆದ್ದವನ ಹಾಗೆ ಅಕ್ಕನ ಜಗಲಿಗೆ ಹೋಗಿ ಕಥೆಯೆಲ್ಲ ಹೇಳಿದೆ. "ಅವನ ಕೇಬಲ್ಲಿನದ್ದೇ ಅಕ್ಕ. ಈಗ ಸರಿಯಾಯ್ತು."

"ಸರಿಯಾಯ್ತು ಅಂತ ಯಾರು ಹೇಳಿದ್ದು? ಎರಡು ಸಲ ಕೆಟ್ಟಿಲ್ಲ, ಅಷ್ಟೇ ನಿಂಗೆ ಗೊತ್ತಿರುದು" ಎಂದರು ಅಕ್ಕ, ತಲೆ ಎತ್ತದೆ.

ಮೂರನೆಯ ಕಾರ್ಯಕ್ರಮದಲ್ಲಿ ಎಡಬದಿ ಮತ್ತೆ ಮಲಗಿತು. ನಾನೇ ಹೋಗಿ ಹೊಸ ಕೇಬಲ್ಲನ್ನು ಅಲ್ಲಾಡಿಸಿದೆ, ಬಂತು. ಗೆಳೆಯ ಚುಚ್ಚಿದ್ದ ಒಂದು ವಯರೂ ಈಗ ಅದರಲ್ಲಿ ಇರಲಿಲ್ಲ.

ಮರುದಿನ ಬೆಳಗ್ಗೆ ಇಡೀ ಸೆಟ್ಟನ್ನು ಅಕ್ಕನ ಜಗಲಿಯಲ್ಲಿ ಇಳಿಸಿದೆ. ಅದರ ಮರುದಿನ ಕುಂಬಳೆಯಲ್ಲಿ ಮದುವೆ ಇತ್ತು. ಅಕ್ಕ ಚೀಟಿ ತೆಗೆದು ಡಾಕ್ಟರ ಹಾಗೆ ಕೇಳುತ್ತಾ ಹೋದರು. ಮೊದಲ ಸಲ ಯಾವಾಗ? ಸದ್ದು ದೊಡ್ಡದಿದ್ದಾಗಲೋ ಸಣ್ಣದಿದ್ದಾಗಲೋ? ಅದಕ್ಕೆ ಮೊದಲು ಏನು ಬದಲಾಯಿತು? ಏನೂ ಬದಲಾಗಲಿಲ್ಲ ಎಂದೆ. "ನೆನಪಾಗ್ಲಿಲ್ಲ ಅಂತ ಹೇಳು" ಎಂದು ತಿದ್ದಿ, ದೊಡ್ಡ ಸ್ಪೀಕರನ್ನು ಎತ್ತಿಸಿ ಮಿಕ್ಸರು ಇದ್ದ ಮೇಜಿನ ಮೇಲೆಯೇ ಇಡಿಸಿದರು. ಕಾರ್ಯಕ್ರಮದಲ್ಲಿ ಅದುರುವಷ್ಟು ಇಲ್ಲೂ ಅದುರಲಿ ಎಂದು. ಮಗ್ಗಿ ಶುರುವಾಯಿತು. ಅಂಗಳದ ಕೋಳಿಗಳು ಓಡಿಹೋದವು. ಪಕ್ಕದ ಮನೆಯವರು ಬಂದು ನೋಡಿ ಹೋದರು. ಎರಡು ಗಂಟೆ ಹೊತ್ತು ಕಳೆದ ಮೇಲೆ, ನನ್ನ ತಲೆಯೊಳಗೆ ಹದಿಮೂರಲ್ಲದೆ ಬೇರೇನೂ ಉಳಿಯದೆ ಇದ್ದಾಗ, ಹದಿಮೂರೆಂಟ್ಲ ಎಂದು ಹೇಳಿ ಎಡಬದಿ ಸುಮ್ಮನಾಯಿತು.

"ಮುಟ್ಬೇಡ" ಎಂದರು ಅಕ್ಕ.

ಬ್ರಷ್ಷಿನ ಹಿಡಿಯಿಂದ ಒಂದೊಂದೇ ಕಡೆ ಮೆಲ್ಲಗೆ ತಟ್ಟುತ್ತಾ ಬಂದರು. ಮಿಕ್ಸರಿನ ಹಿಂದೆ ನಾವು ಯಾವತ್ತೂ ಬಳಸದ ಎರಡು ತೂತುಗಳಿದ್ದವು. ಒಂದರ ಅಂಚಿಗೆ ತಟ್ಟಿದ ಕೂಡಲೇ ಮುಂದಿನ ಸುತ್ತಿನ ನೂರ ನಾಲ್ಕು ಎಂದು ಸದ್ದು ವಾಪಸು ಬಂತು. ಆ ತೂತಿಗೆ ಏನೂ ಚುಚ್ಚದೆ ಇದ್ದರೆ ಒಳಗಿನ ಎರಡು ಸಣ್ಣ ತಗಡುಗಳು ಒಂದಕ್ಕೊಂದು ತಾಗಿಕೊಂಡಿದ್ದು, ಸದ್ದು ಅವುಗಳ ಮೂಲಕವೇ ದಾಟಿ ಹೋಗುತ್ತದಂತೆ. ನಡುವೆ ಏನಾದರೂ ಕುಳಿತರೆ ಮುಗಿಯಿತು. ಕೇಬಲ್ಲು ಅಲ್ಲಾಡಿಸುವಾಗ ಮಿಕ್ಸರೇ ಅಲುಗುತ್ತಿತ್ತು, ತಗಡು ತಾಗುತ್ತಿತ್ತು. ಗೆಳೆಯನ ಕೈ ಮುಟ್ಟಿದಾಗಲೆಲ್ಲ ಸರಿಯಾದದ್ದು ಹೀಗೆ.

ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಕ್ಕ ತೂತಿಗೆ ಹಾಕಿ ತಿರುಗಿಸಿದರು. ಬಿಳಿ ಹತ್ತಿ ಕೆಂಪಾಗಿ ಹೊರಗೆ ಬಂತು. ಮೂಗಿನ ಹತ್ತಿರ ಹಿಡಿದು, "ಗಂಧವೂ ಉಂಟು" ಎಂದರು.

ಆಯುಧಪೂಜೆಯ ದಿನ ಅಮ್ಮ ನಮ್ಮ ಸೆಟ್ಟಿಗೆ ಪೂಜೆ ಮಾಡಿದ್ದಳು. ಪ್ರತಿ ವರ್ಷವೂ ಮಾಡುತ್ತಿದ್ದಳು. ಆ ವರ್ಷ ಅವಳ ಕಣ್ಣು ಮಂಜಾಗಿತ್ತು. ಸ್ಪೀಕರು, ಮಿಕ್ಸರು ಎಲ್ಲವನ್ನೂ ಕೈಯಲ್ಲಿ ಸವರಿ, ತೂತು ಸಿಕ್ಕಿದಲ್ಲೆಲ್ಲ ಅದೇ ಮಿಷನಿನ ಮುಖವೆಂದುಕೊಂಡು ಉಂಗುರ ಬೆರಳಿನಿಂದ ಗಂಧ, ಕುಂಕುಮ ಹಚ್ಚಿದ್ದಳು. ನಾನು ಪಕ್ಕದಲ್ಲೇ ಕೈಮುಗಿದು ನಿಂತಿದ್ದೆ.

ನನಗೆ ಮೊದಲು ಬಂದದ್ದು ಸಿಟ್ಟು. "ಈ ಅಮ್ಮನಿಗೆ ಎಷ್ಟು ಸಲ ಹೇಳುದು" ಎಂದು ಶುರುಮಾಡಿದೆ. ಅಕ್ಕ ಹತ್ತಿಕಡ್ಡಿಯನ್ನು ಕೆಳಗಿಟ್ಟರು.

"ಅಮ್ಮನ ಹತ್ರ ಒಂದು ಅಕ್ಷರ ಮಾತಾಡ್ಬೇಡ. ಹೇಳಿದ್ರೆ ಬರುವ ವರ್ಷ ಅವರು ಕೈ ಮುಂದೆ ತರ್ಲಿಕ್ಕೇ ಹೆದರ್ತಾರೆ. ನೀನು ಹೇಳ್ಬೇಕಾದ್ದು ಅವನ ಹತ್ರ."

"ಹೇಳ್ತೇನೆ ಅಕ್ಕ. ನಾಳೆ ಮದುವೆ ಒಂದು ಮುಗಿಯಲಿ."

"ಹಾಗಾದ್ರೆ ಮಿಕ್ಸರು ಇಲ್ಲಿರಲಿ. ಇಬ್ಬರು ಬಂದು ತಗೊಂಡು ಹೋಗಿ. ಒಬ್ಬನ ಕೈಯಲ್ಲಿ ನಾನು ಕೊಡುದಿಲ್ಲ."

ಮಿಕ್ಸರು ಇಲ್ಲದೆ ಮದುವೆಗೆ ಹೋಗುವುದು ಹೇಗೆ? ಬೇಡಿದೆ, ಗೋಗರೆದೆ, ಕೊನೆಗೆ ಸ್ವಲ್ಪ ಜೋರಾಗಿಯೂ ಮಾತಾಡಿದೆ. ಅಕ್ಕ ಒಳಗೆ ಹೋಗಿ ಅಕ್ಕಿ ತೊಳೆಯಲು ಶುರುಮಾಡಿದರು.

ಗೆಳೆಯ ಮನೆಯ ಬಾವಿಕಟ್ಟೆಯಲ್ಲಿ ಕುಳಿತು ಪಂಪಿನ ಪ್ಲಗ್ಗು ಬದಲಿಸುತ್ತಿದ್ದ. ನನ್ನನ್ನು ನೋಡಿಯೂ ಕೆಲಸ ನಿಲ್ಲಿಸಲಿಲ್ಲ. ಮೈಕು ಸಿಕ್ಕಿದರೆ ಗಂಟೆಗಟ್ಟಲೆ ಮಾತಾಡುವ ನಾನು, ಪಂಪಿಗೆ ಏನಾಯಿತು ಎಂದು ಕೇಳಿದೆ. ಕೊನೆಗೆ, ಕೇಬಲ್ಲಿನದ್ದಲ್ಲ, ಕುಂಕುಮದ್ದು, ನಾನು ಹೇಳಿದ್ದು ತಪ್ಪು, ಆ ಮಾತು ಹೇಳಬಾರದಿತ್ತು ಎಂದು ಅಡ್ಡಾದಿಡ್ಡಿ ಒದರಿದೆ. ಅವನು ಸ್ಕ್ರೂ ಬಿಗಿಮಾಡಿ ಮುಗಿಸಿ, ತಲೆ ಎತ್ತಿ ಕೇಳಿದ್ದು ಒಂದೇ. "ಅಮ್ಮನಿಗೆ ಗೊತ್ತಾಯ್ತಾ?"

"ಇಲ್ಲ" ಎಂದೆ.

"ಹೇಳ್ಬೇಡ" ಎಂದು ಹೇಳಿ, ಕೈ ತೊಳೆದು ಬಂದು ಬೈಕಿನ ಹಿಂದೆ ಕುಳಿತ. ನಾನು ಅಳುತ್ತಿದ್ದದ್ದು ಅವನಿಗೆ ಗೊತ್ತಾಗದಿರಲಿ ಎಂದು ಬೈಕನ್ನು ಜೋರಾಗಿ ಓಡಿಸಿದೆ.

ಅಕ್ಕ ಆ ಹೊತ್ತಿಗೆ ಎರಡೂ ತೂತುಗಳಿಗೆ ರಬ್ಬರಿನ ಬಿರಡೆ ಹಾಕಿದ್ದರು. ಮಿಕ್ಸರಿನ ಪೆಟ್ಟಿಗೆಯ ಮೇಲೆ, ಕೈಗೆ ತಾಗಿದರೆ ತಿಳಿಯುವ ಹಾಗೆ, ಒಂದು ದಪ್ಪ ತಗಡಿನ ಬಿಲ್ಲೆ ಅಂಟಿಸಿದ್ದರು. "ಕುಂಕುಮ ಇಲ್ಲಿಗೆ ಅಂತ ಅಮ್ಮನಿಗೆ ಹೇಳು. ಹೊಸ ಕ್ರಮ ಅಂತ ಹೇಳಿದ್ರೆ ಸಾಕು" ಎಂದು, ಮಿಕ್ಸರನ್ನು ಎತ್ತಿ ಗೆಳೆಯನ ಕೈಗೆ ಕೊಟ್ಟರು, ನನ್ನ ಕೈಗಲ್ಲ. ಮುಂದಿನ ವರ್ಷ ಅಮ್ಮ ಆ ಬಿಲ್ಲೆಯನ್ನು ಬೆರಳಿನಿಂದ ಹುಡುಕಿ ಹಚ್ಚಿ, "ಈಗ ಒಳ್ಳೆದಾಯ್ತು, ಮಿಷನಿಗೂ ಹಣೆ ಬಂತು" ಎಂದು ನಕ್ಕಳು. ಅಮ್ಮ ಹೋಗುವ ತನಕವೂ ಅವಳಿಗೆ ವಿಷಯ ತಿಳಿಯಲಿಲ್ಲ.

ಅಕ್ಕನಿಗೆ ಕೊನೆಯ ಒಂದು ವರ್ಷ ಎದೆಯಲ್ಲಿ ಆಗಾಗ ಏನೋ ಹಿಡಿದ ಹಾಗೆ ಆಗುತ್ತಿತ್ತು. ಆಸ್ಪತ್ರೆಗೆ ಹೋದ ದಿನ ನೋವು ಇರುತ್ತಿರಲಿಲ್ಲ. "ಡಾಕ್ಟರ ಎದುರು ಕೆಡುದಿಲ್ಲ ಮಾರಾಯ ಇದು" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಒಂದು ಬೆಳಗ್ಗೆ ಬಾವಿಯ ಹತ್ತಿರ ಕುಸಿದವರು ಮತ್ತೆ ಏಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಅವರ ಮಗಳು ಮೇಜಿನ ಡ್ರಾವರಿನಿಂದ ಒಂದು ಚೀಟಿ ತಂದು ತೋರಿಸಿದಳು. ಮಿಷನಿಗೆ ಕಟ್ಟುವ ಅದೇ ಚೀಟಿ. ನೀರು ಸೇದುವಾಗ. ಮೆಟ್ಟಿಲು ಹತ್ತುವಾಗ. ಸುಮ್ಮನೆ ಕೂತಿದ್ದಾಗ ಇಲ್ಲ. ಒಂಬತ್ತು ಸಾಲು ಬರೆದಿದ್ದರು. ಇನ್ನು ಡಾಕ್ಟರ ಹತ್ತಿರ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಬೇಕೆಂದಿದ್ದರಂತೆ.

ಅವರ ಮಗ್ಗಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದೆ. ಈಗಲೂ ಯಾವ ಹಾಲಿಗೆ ಹೋದರೂ, ಜನ ಬರುವ ಮೊದಲು, ಖಾಲಿ ಕುರ್ಚಿಗಳ ಎದುರು ಅದನ್ನು ಒಂದು ಸಲ ಪೂರ್ತಿ ಹಚ್ಚುತ್ತೇವೆ. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇನೆ. ಗೆಳೆಯ ಮಿಕ್ಸರಿನ ಪಕ್ಕ ನಿಲ್ಲುತ್ತಾನೆ. ಮೊನ್ನೆ ಒಂದು ಹೊಸ ಹಾಲಿನಲ್ಲಿ ಹದಿಮೂರಾರ್ಲ ಬಂದು ಆ ಉದ್ದದ ಸೀಟಿ ಕೇಳಿದಾಗ ಅಲ್ಲಿನ ಮ್ಯಾನೇಜರು ಗಾಬರಿಯಿಂದ ಓಡಿಬಂದರು. "ಎಂತ ಸದ್ದು ಅದು? ಎಂತದೋ ಫಾಲ್ಟು ಉಂಟಲ್ಲ?"

ಗೆಳೆಯ ಸದ್ದನ್ನು ಸ್ವಲ್ಪವೂ ತಗ್ಗಿಸಲಿಲ್ಲ. "ಫಾಲ್ಟ್ ಅಲ್ಲ ಸಾರ್, ಅಕ್ಕ ಗಂಜಿ ಇಟ್ಟಿದ್ದಾರೆ" ಎಂದ.